ಸೊನ್ನೆಯಿಂದ ಒಂದಕ್ಕೆ: ಸಾಫ್ಟ್‌ವೇರ್ ‘ರೆಡಿ’ ಅಂತ ಹೇಳೋದು ಯಾವಾಗ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)



ಇವತ್ತು ಒಂದು ತಪ್ಪಿನ ಕಥೆಯಿಂದ ಶುರು ಮಾಡ್ತೀನಿ. ತಪ್ಪು ನನ್ನದೇ.

ಒಂದು ಸೋಮವಾರ ಮಧ್ಯಾಹ್ನ ನನಗೊಂದು ಇಮೇಲ್ ಬಂತು. ಬರೆದವರು ಹೈಸ್ಕೂಲಿನ ಕನ್ನಡ ಮೇಡಂ. ಯೂಟ್ಯೂಬ್ ನೋಡಿ ಪ್ರೋಗ್ರಾಮಿಂಗ್ ಕಲಿತು, ತಮ್ಮ ಕ್ಲಾಸಿನ ಮಕ್ಕಳಿಗೆ ಅಂತ ಬ್ರೌಸರ್‌ನಲ್ಲಿ ಆಡೋ ಒಂದು ಪದಬಂಧ ಮಾಡಿದ್ದರು. ಅದರೊಳಗೆ ನಾನು ಬರೆದ ಒಂದು ಪುಟ್ಟ ಲೈಬ್ರರಿ ಇತ್ತು. ಇಮೇಲ್‌ನಲ್ಲಿ ಇದ್ದದ್ದು ಇಷ್ಟೇ: “ಸರ್, ಶನಿವಾರದವರೆಗೂ ಸರಿಯಾಗಿತ್ತು. ಇವತ್ತು ಮಕ್ಕಳು ಸರಿ ಉತ್ತರ ಬರೆದರೂ ತಪ್ಪು ಅಂತ ಕೆಂಪು ಗುರುತು ಬರ್ತಿದೆ. ಒಬ್ಬ ಹುಡುಗ ‘ಡಾಕ್ಟರ್’ ಅಂತ ಸರಿಯಾಗೇ ಬರೆದಿದ್ದ. ಕೆಂಪು ಬಂತು ಅಂತ ಅಳಿಸಿ ‘ಡಾಕ್ಟರು’ ಅಂತ ಬರೆದ. ಅದೂ ಕೆಂಪು. ಈಗ ಸರಿಯಾದ ಕಾಗುಣಿತ ಯಾವುದು ಮಿಸ್ ಅಂತ ನನ್ನ ಕೇಳ್ತಿದಾನೆ. ಏನು ಹೇಳಲಿ?”

ನನಗೆ ತಕ್ಷಣ ಗೊತ್ತಾಯ್ತು. ಭಾನುವಾರ ರಾತ್ರಿ ನಾನು ಹೊಸ ವರ್ಷನ್ ಹಾಕಿದ್ದೆ. 0.7 ಇದ್ದದ್ದು 0.8 ಆಗಿತ್ತು. ಅವರ ಆಟ ತೆರೆದಾಗಲೆಲ್ಲ ಲೈಬ್ರರಿಯ ಹೊಸ ಪ್ರತಿಯನ್ನೇ ತಾನಾಗಿ ತಗೊಳ್ತಿತ್ತು. ನಾನು ಉತ್ತರ ಬರೆದೆ. ಇವತ್ತು ಅದನ್ನ ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ. “ಮೇಡಂ, ಸೊನ್ನೆಯಿಂದ ಶುರುವಾಗೋ ವರ್ಷನ್ ಯಾವಾಗ ಬೇಕಾದ್ರೂ ಬದಲಾಗಬಹುದು. ಅದು ನಿಯಮದಲ್ಲೇ ಇದೆ” ಅಂತ.

ಅವರ ಮಾರುತ್ತರ ಹತ್ತು ನಿಮಿಷದಲ್ಲಿ ಬಂತು. “ಸೊನ್ನೆಗೆ ಆ ಅರ್ಥ ಇದೆ ಅಂತ ನನಗೆ ಹೇಗೆ ಗೊತ್ತಾಗಬೇಕಿತ್ತು ಸರ್? ನಿಮ್ಮ ಪುಟದಲ್ಲಿ ‘ಎಲ್ಲರೂ ಬಳಸಿ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ರಿ.”

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಇವತ್ತಿನ ಸಂಚಿಕೆ. ಓಪನ್ ಸೋರ್ಸ್ ಲೈಬ್ರರಿಯೊಂದನ್ನ ‘ಇದು ರೆಡಿ, 1.0’ ಅಂತ ಅಧಿಕೃತವಾಗಿ ಬಿಡೋದು ಯಾವಾಗ? ಹೇಗೆ ಗೊತ್ತಾಗುತ್ತೆ?

ದೋಸೆ ಹಿಟ್ಟು ಮತ್ತು ಉಪ್ಪು

ಮೊದಲು ಲೈಬ್ರರಿ ಅಂದ್ರೆ ಏನು ಅಂತ ನೋಡೋಣ. ಪುಸ್ತಕದ ಲೈಬ್ರರಿ ಅಲ್ಲ. ಅಂಗಡೀಲಿ ದೋಸೆ ಹಿಟ್ಟಿನ ಪ್ಯಾಕೆಟ್ ಸಿಗುತ್ತಲ್ಲ, ಅದು ಅಂತ ಅಂದ್ಕೊಳ್ಳಿ. ನೀವು ಅಕ್ಕಿ ನೆನೆಸಲ್ಲ, ರುಬ್ಬಲ್ಲ. ಪ್ಯಾಕೆಟ್ ತಂದು ಕಾವಲಿ ಮೇಲೆ ಹುಯ್ದರೆ ದೋಸೆ. ಹಾಗೇ ಒಂದು ಆ್ಯಪ್ ಬರೆಯೋರು ಎಲ್ಲವನ್ನೂ ತಾವೇ ಬರೆಯಲ್ಲ. ಫೋಟೋ ಚಿಕ್ಕದು ಮಾಡೋಕೆ ಒಂದು ಲೈಬ್ರರಿ, ದಿನಾಂಕ ಲೆಕ್ಕ ಹಾಕೋಕೆ ಇನ್ನೊಂದು. ಬೇರೆ ಯಾರೋ ಬರೆದಿಟ್ಟ ಸಿದ್ಧ ಹಿಟ್ಟು. ಓಪನ್ ಸೋರ್ಸ್ ಅಂದ್ರೆ ಆ ಹಿಟ್ಟಿನ ಪಾಕವೂ ಬಹಿರಂಗ. ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು, ತಗೊಂಡು ಬಳಸಬಹುದು.

ಈಗ ಒಂದು ಪ್ರಶ್ನೆ. ಹಿಟ್ಟು ಮಾಡೋರು ಇಷ್ಟು ದಿನ ಉಪ್ಪು ಹಾಕ್ತಿರಲಿಲ್ಲ. ಮನೆಯಲ್ಲಿ ಅಮ್ಮ ಒಂದು ಚಮಚ ಉಪ್ಪು ಹಾಕಿ ಕಲಸ್ತಿದ್ರು. ಒಂದು ದಿನ ಅವರು, ‘ಜನರಿಗೆ ಅನುಕೂಲ ಆಗಲಿ’ ಅಂತ ತಾವೇ ಉಪ್ಪು ಹಾಕೋಕೆ ಶುರು ಮಾಡಿದ್ರು. ಪ್ಯಾಕೆಟ್ ಮೇಲೆ ಒಂದು ಮಾತೂ ಇಲ್ಲ. ಅವರ ಕಡೆಯಿಂದ ನೋಡಿದ್ರೆ ಅದು ಸುಧಾರಣೆ. ನಮ್ಮ ಮನೆ ದೋಸೆ ಮಾತ್ರ ಬಾಯಿಗಿಡೋಕೆ ಆಗಲ್ಲ.

ನಾನು ಆ ಭಾನುವಾರ ಮಾಡಿದ್ದು ಇದೇ.

ನನ್ನ ಲೈಬ್ರರಿ ಮಾಡೋ ಕೆಲಸ ಒಂದೇ: ಕನ್ನಡ ಪದವನ್ನ ಅಕ್ಷರಗಳಾಗಿ ಬಿಡಿಸೋದು. ಇದೇನು ಮಹಾ ಅನ್ಸಬಹುದು. ‘ಸ್ತ್ರೀ’ ಅನ್ನೋ ಪದ ತಗೊಳ್ಳಿ. ನಿಮ್ಮ ಕಣ್ಣಿಗೆ ಎಷ್ಟು ಅಕ್ಷರ? ಒಂದು. ಆದರೆ ಕಂಪ್ಯೂಟರ್ ಒಳಗೆ ಅದು ಸ, ವಿರಾಮ, ತ, ವಿರಾಮ, ರ, ದೀರ್ಘ ಈ ಅಂತ ಆರು ಯೂನಿಕೋಡ್ ಸಂಕೇತಗಳು. ಒಂದೊಂದು ಕನ್ನಡ ಸಂಕೇತಕ್ಕೂ ಯುಟಿಎಫ್-8ನಲ್ಲಿ ಮೂರು ಬೈಟ್ ಬೇಕು. ಹಳೆಯ ಪೈಥಾನ್ 2ರಲ್ಲಿ ‘ಸ್ತ್ರೀ’ ಎಷ್ಟು ಉದ್ದ ಅಂತ ಸುಮ್ಮನೆ ಕೇಳಿದ್ರೆ 18 ಅಂತಿತ್ತು. ಪೈಥಾನ್ 3 ಕೇಳಿದ್ರೆ 6 ಅನ್ನುತ್ತೆ. ಪದಬಂಧದ ಚೌಕ ಮಾತ್ರ ಒಂದೇ. ಆ ‘ಒಂದು’ ಅನ್ನೋ ಉತ್ತರ ಕೊಡೋದೇ ನನ್ನ ಲೈಬ್ರರಿ.

ಹಾಗಾದ್ರೆ ‘ಡಾಕ್ಟರ್’ ಎಷ್ಟು? ಪದಬಂಧದಲ್ಲಿ ಡಾ, ಕ್ಟ, ರ್, ಮೂರು ಚೌಕ. ಆದರೆ ಛಂದಸ್ಸು ಓದಿದ ಒಬ್ಬ ಗೆಳೆಯ ನನಗೆ ಹೇಳಿದ್ದ, “ಕೊನೆಯ ಅರ್ಧಾಕ್ಷರನ ಬೇರೆ ಎಣಿಸ್ಬಾರದು ಕಣೋ, ಅದು ಹಿಂದಿನ ಅಕ್ಷರಕ್ಕೆ ಸೇರಿ ಅದನ್ನ ಗುರು ಮಾಡುತ್ತೆ” ಅಂತ. ಅವನು ಹೇಳಿದ್ದು ಸರಿಯೇ. ನಾನು ಖುಷಿಯಾಗಿ ‘ತಪ್ಪು ಸರಿ ಮಾಡಿದೆ’. ಡಾಕ್ಟರ್ ಎರಡು ಅಕ್ಷರ ಆಯ್ತು: ಡಾ, ಕ್ಟರ್. ಅತ್ತ ಮಕ್ಕಳ ಮೂರು ಚೌಕ ಮೂರೇ ಉಳಿದಿತ್ತು. ಕೆಂಪು ಗುರುತು.

ಮೂರು ಅಂಕಿಯ ಭಾಷೆ

ಈ ವರ್ಷನ್ ಸಂಖ್ಯೆಗಳಿಗೆ ಒಂದು ಅರ್ಥ ಇದೆ. ಇವತ್ತು ಬಹಳಷ್ಟು ಲೈಬ್ರರಿಗಳು ಪಾಲಿಸೋ ಪದ್ಧತಿಗೆ ಸೆಮ್ಯಾಂಟಿಕ್ ವರ್ಷನಿಂಗ್ ಅಂತ ಹೆಸರು. ಬರೆದವರು ಟಾಮ್ ಪ್ರೆಸ್ಟನ್-ವರ್ನರ್, ಗಿಟ್‌ಹಬ್ ಕಟ್ಟಿದವರಲ್ಲಿ ಒಬ್ಬರು. 2.4.1 ಅಂತ ಇದ್ರೆ ಮೂರು ಅಂಕಿ. ಕೊನೆಯದು ಏರಿದ್ರೆ: ಬಗ್ ಸರಿ ಮಾಡಿದ್ದೀವಿ, ಅಷ್ಟೇ. ನಡುವಿನದು ಏರಿದ್ರೆ: ಹೊಸದು ಸೇರಿಸಿದ್ದೀವಿ, ಹಳೆಯದಕ್ಕೆ ಏನೂ ಆಗಿಲ್ಲ. ಮೊದಲನೆಯದು ಏರಿದ್ರೆ: ಹುಷಾರು, ಹಳೆಯದು ಮುರಿದಿರಬಹುದು, ಉಪ್ಪು ನೋಡ್ಕೊಳ್ಳಿ.

ಮೊದಲ ಅಂಕಿ ಸೊನ್ನೆ ಇದ್ರೆ? ಇನ್ನೂ ಕಟ್ತಾ ಇದ್ದೀವಿ, ಯಾವಾಗ ಏನು ಬೇಕಾದ್ರೂ ಬದಲಾಗಬಹುದು ಅಂತ. ನಾನು ಮೇಡಂಗೆ ತೋರಿಸಿದ ನಿಯಮ ಇದು. ಆದರೆ ಅದೇ ದಾಖಲೆಯ ಪ್ರಶ್ನೋತ್ತರ ಭಾಗದಲ್ಲಿ ಇನ್ನೊಂದು ಮಾತಿದೆ. ಅದನ್ನ ನಾನು ಓದಿದ್ದೆ, ಅನುಕೂಲಕ್ಕೆ ಮರೆತಿದ್ದೆ. ಸಾಫ್ಟ್‌ವೇರನ್ನ ಜನ ಆಗಲೇ ನಿಜವಾದ ಕೆಲಸಕ್ಕೆ ಬಳಸ್ತಿದ್ದಾರೆ ಅಂದ್ರೆ, ಅದು ಬಹುಶಃ ಈಗಾಗಲೇ 1.0 ಆಗಿರಬೇಕಿತ್ತು ಅನ್ನೋ ಅರ್ಥದ ಮಾತು.

ಅಂದ್ರೆ ಸೊನ್ನೆ ಅನ್ನೋದು ನನಗೆ ರಕ್ಷಣೆ ಅಲ್ಲ. ನಾನು ಅದರ ಹಿಂದೆ ಅವಿತುಕೊಂಡಿದ್ದೆ.

ಅವಸರ ಮಾಡಿದವರು, ತಡ ಮಾಡಿದವರು

ಇದು ನನ್ನೊಬ್ಬನ ಗೊಂದಲ ಅಲ್ಲ. ದೊಡ್ಡ ದೊಡ್ಡವರೂ ಇಲ್ಲಿ ಎಡವಿದ್ದಾರೆ.

ಲಿನಕ್ಸ್ ನೋಡಿ. ನಿಮ್ಮ ಆಂಡ್ರಾಯ್ಡ್ ಫೋನಿನ ತಳದಲ್ಲಿರೋದು ಅದೇ. 1991ರ ಸೆಪ್ಟೆಂಬರ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ 0.01 ಬಿಟ್ಟರು. ಮರುವರ್ಷ ಮಾರ್ಚ್‌ನಲ್ಲಿ 0.12ರಿಂದ ಸೀದಾ 0.95ಕ್ಕೆ ಜಿಗಿದರು. ಇನ್ನೇನು ಒಂದು ಬಂದೇಬಿಡ್ತು ಅನ್ನೋ ಹಾಗೆ. ಆಮೇಲೆ? 1.0 ಬಂದದ್ದು 1994ರ ಮಾರ್ಚ್‌ನಲ್ಲಿ. ಎರಡು ವರ್ಷ! ನಡುವೆ 0.99 ಅನ್ನೋ ಸಂಖ್ಯೆಯನ್ನೇ ಎಳೆದೂ ಎಳೆದೂ, ಅದರ ಬಾಲಕ್ಕೆ ಅಂಕಿ ಮೇಲೆ ಅಂಕಿ ಸೇರಿಸ್ತಾ ಹೋಗಬೇಕಾಯ್ತು. ‘ಇನ್ನೇನು ಬಂದೆ, ಇಲ್ಲೇ ಸರ್ಕಲ್ ಹತ್ರ ಇದ್ದೀನಿ’ ಅಂತ ಫೋನಲ್ಲಿ ಹೇಳಿ ಒಂದು ಗಂಟೆ ಬಿಟ್ಟು ಬರೋ ಗೆಳೆಯರು ನಿಮಗೂ ಇರ್ತಾರಲ್ಲ, ಹಾಗೆ.

ಇನ್ನೊಂದು ವೈನ್. ಕುಡಿಯೋದಲ್ಲ, ವಿಂಡೋಸ್ ಪ್ರೋಗ್ರಾಮ್‌ಗಳನ್ನ ಲಿನಕ್ಸ್ ಮೇಲೆ ಓಡಿಸೋ ಸಾಫ್ಟ್‌ವೇರ್. ಶುರುವಾದದ್ದು 1993ರಲ್ಲಿ. 1.0 ಬಂದದ್ದು 2008ರ ಜೂನ್‌ನಲ್ಲಿ. ಹದಿನೈದು ವರ್ಷ. ವಿಜ್ಞಾನಿಗಳು ಬಳಸೋ ಸೈಪೈ ಲೈಬ್ರರಿಗೂ ಅದೇ ಕಥೆ. 2001ರಲ್ಲಿ ಮೊದಲ ವರ್ಷನ್, 2017ರಲ್ಲಿ 1.0. ಅಷ್ಟರೊಳಗೆ ಜಗತ್ತಿನ ತುಂಬ ಪ್ರಯೋಗಾಲಯಗಳಲ್ಲಿ ಅದು ದಿನನಿತ್ಯದ ಸಾಧನ ಆಗಿಹೋಗಿತ್ತು.

ಸೊನ್ನೆಯ ಮೇಲೆ ಜನ ಎಷ್ಟು ಭಾರ ಹಾಕಬಹುದು ಅನ್ನೋದಕ್ಕೆ 2016ರ ಮಾರ್ಚ್‌ನ ಒಂದು ಘಟನೆ ಇದೆ. ಲೆಫ್ಟ್-ಪ್ಯಾಡ್ ಅಂತ ಹನ್ನೊಂದು ಸಾಲಿನ ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿ. ಪದದ ಎಡಕ್ಕೆ ಖಾಲಿ ಜಾಗ ತುಂಬೋದು, ಅಷ್ಟೇ ಅದರ ಕೆಲಸ. ಬರೆದವರು ಒಂದು ಜಗಳದಲ್ಲಿ ಬೇಸರಗೊಂಡು ತಮ್ಮ ಲೈಬ್ರರಿಗಳನ್ನೆಲ್ಲ ಎನ್‌ಪಿಎಂ ಭಂಡಾರದಿಂದ ತೆಗೆದುಬಿಟ್ಟರು. ಕೂಡಲೇ ಎಲ್ಲೆಲ್ಲೋ ಕಂಪನಿಗಳಲ್ಲಿ ಪ್ರಾಜೆಕ್ಟ್‌ಗಳು ಬಿಲ್ಡ್ ಆಗದೆ ನಿಂತವು. ಕೆಲವೇ ಗಂಟೆಗಳಲ್ಲಿ ಅದನ್ನ ವಾಪಸ್ ಇಡಬೇಕಾಯ್ತು. ಅಷ್ಟು ಜನ ನೆಚ್ಚಿಕೊಂಡಿದ್ದ ಆ ಲೈಬ್ರರಿಯ ವರ್ಷನ್ ಎಷ್ಟಿತ್ತು ಗೊತ್ತಾ? 0.0.3.

ಅಂದ್ರೆ ಯಾರು ನಮ್ಮನ್ನ ನಂಬ್ತಾರೆ ಅನ್ನೋದನ್ನ ನಾವು ಹಾಕೋ ಸಂಖ್ಯೆ ತೀರ್ಮಾನ ಮಾಡಲ್ಲ. ಜನ ನಂಬಿಬಿಡ್ತಾರೆ. ಆ ನಂಬಿಕೆಯನ್ನ ನಾವು ಒಪ್ಪಿಕೊಳ್ತೀವಾ ಇಲ್ವಾ ಅನ್ನೋದಷ್ಟೇ ನಮ್ಮ ಕೈಯಲ್ಲಿರೋದು.

‘ಪೂರ್ತಿ ಆದ ಮೇಲೆ ಬಿಡ್ತೀನಿ’ ಅನ್ನೋರಿಗೆ ಒಂದು ಉದಾಹರಣೆ. ಡೊನಾಲ್ಡ್ ನುತ್ ಅಂತ ಕಂಪ್ಯೂಟರ್ ವಿಜ್ಞಾನದ ಹಿರಿಯರು, ಟೆಕ್ ಅನ್ನೋ ಪುಟವಿನ್ಯಾಸದ ಸಾಫ್ಟ್‌ವೇರ್ ಬರೆದವರು. ಟೆಕ್‌ನ ವರ್ಷನ್ 3.14, ಆಮೇಲೆ 3.141, ಹೀಗೆ ಪೈ ಬೆಲೆಯ ಕಡೆಗೆ ಒಂದೊಂದೇ ಅಂಕಿ ಬೆಳೀತಾ ಬಂದಿದೆ. 2021ರಲ್ಲಿ 3.141592653 ಆಯ್ತು. ತಾನು ಸತ್ತ ಮೇಲೆ ಸಂಖ್ಯೆಯನ್ನ ಪೈ ಅಂತಲೇ ನಿಲ್ಲಿಸಿ, ಆಗ ಉಳಿದ ಬಗ್‌ಗಳನ್ನೆಲ್ಲ ಅದರ ಗುಣಗಳು ಅಂತಲೇ ತಿಳ್ಕೊಳ್ಳಿ ಅಂತ ಅವರು ಹೇಳಿಟ್ಟಿದ್ದಾರೆ. ತಮಾಷೆ ಅನ್ಸುತ್ತೆ. ಆದರೆ ಅಷ್ಟು ಜಾಗ್ರತೆಯ ಮನುಷ್ಯನೂ ‘ಮುಗೀತು’ ಅಂತ ಹೇಳಿಲ್ಲ, ‘ಹತ್ತಿರ ಹೋಗ್ತಾ ಇದ್ದೀನಿ’ ಅಂತಷ್ಟೇ ಹೇಳಿದ್ದು. ಹಾಗಂತ ಬಿಡುಗಡೆ ಮಾಡದೆ ಕೂತಿಲ್ಲ.

ನಿಮ್ಮ ಫೋನಿನ ಒತ್ತಕ್ಷರ

ಈಗ ನಮಗೆ ತೀರಾ ಹತ್ತಿರದ ಒಂದು ಲೈಬ್ರರಿ. ಇದನ್ನ ಓದ್ತಾ ಇದ್ರೆ, ಅದೂ ಆಂಡ್ರಾಯ್ಡ್ ಫೋನಲ್ಲಿ, ಈ ಕ್ಷಣ ನೀವು ಅದನ್ನ ಬಳಸ್ತಾ ಇದ್ದೀರಿ. ಹೆಸರು ಹಾರ್ಫ್‌ಬಝ್. ಪರ್ಶಿಯನ್ ಪದಗಳಿಂದ ಕಟ್ಟಿದ ಹೆಸರು: ಹರ್ಫ್ ಅಂದ್ರೆ ಅಕ್ಷರ, ಬಾಜ್ ಅಂದ್ರೆ ತೆರೆದದ್ದು. ಅದರ ಮುಖ್ಯ ಕೆಲಸಗಾರ ಬೆಹದಾದ್ ಎಸ್ಫಹಬೋದ್.

ಅದೇನು ಮಾಡುತ್ತೆ? ‘ಸ್ತ್ರೀ’ ಅಂತ ಟೈಪ್ ಮಾಡಿದಾಗ ತ ಒತ್ತು, ರ ಒತ್ತು ಎರಡನ್ನೂ ಸ ಕೆಳಗೆ ಕೂರಿಸಿ, ಕೊನೆಗೆ ಟೈಪ್ ಮಾಡಿದ ದೀರ್ಘವನ್ನ ತಂದು ಸಗೆ ಸೇರಿಸುತ್ತೆ. ‘ಸೂರ್ಯ’ದಲ್ಲಿ ಮೊದಲು ಬಂದ ರ್ ಅನ್ನ ಯ ಆದ ಮೇಲೆ ಅರ್ಕಾವತ್ತು ಮಾಡಿ ಇಡುತ್ತೆ. ಈ ಕೆಲಸ ಕೆಟ್ಟರೆ ಕನ್ನಡ ಕನ್ನಡವಾಗಿ ಕಾಣಲ್ಲ, ವಿರಾಮ ಚಿಹ್ನೆ ಹೊತ್ತ ಬಿಡಿ ತುಂಡುಗಳು ಕಾಣ್ತವೆ.

ಇಂಥ ಲೈಬ್ರರಿ ರೆಡಿ ಅಂತ ಹೇಗೆ ಗೊತ್ತಾಗುತ್ತೆ? ಅದನ್ನ ಮಾಡ್ತಿರೋರಿಗೆ ಕನ್ನಡ, ಬಂಗಾಳಿ, ಮಲಯಾಳ ಎಲ್ಲ ಓದೋಕೆ ಬರಬೇಕು ಅಂತೇನಿಲ್ಲ. ಅವರು ಹೂಡಿದ ಉಪಾಯ ಚೆನ್ನಾಗಿದೆ. ಆಯಾ ಭಾಷೆಯ ವಿಕಿಪೀಡಿಯದಿಂದ ಪದಗಳನ್ನ ತೆಗೆದು, ಪ್ರತಿ ಪದವನ್ನೂ ಎರಡು ಕಡೆ ಜೋಡಿಸಿ ನೋಡಿದರು: ತಮ್ಮ ಹಾರ್ಫ್‌ಬಝ್‌ನಲ್ಲಿ ಒಂದು ಸಲ, ವಿಂಡೋಸ್‌ನಲ್ಲಿ ಆಗಲೇ ಇದ್ದ ಯುನಿಸ್ಕ್ರೈಬ್‌ನಲ್ಲಿ ಇನ್ನೊಂದು ಸಲ. ಎರಡೂ ಒಂದೇ ಬಂತಾ? ಕನ್ನಡದ ಪಟ್ಟಿಯೊಂದರಲ್ಲೇ ಒಂಬತ್ತು ಲಕ್ಷಕ್ಕೂ ಹೆಚ್ಚು ಪದಗಳಿದ್ದವು. ಹೊಂದದೆ ಉಳಿದದ್ದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಅವರು ‘ಪರಿಪೂರ್ಣ’ ಅನ್ನೋ ಅಳತೆ ಇಟ್ಕೊಳ್ಳಲಿಲ್ಲ. ಜನ ಈಗಾಗಲೇ ಕಣ್ಣಿಂದ ನೋಡ್ತಿರೋ ಕನ್ನಡಕ್ಕೆ ಇದು ಹೊಂದುತ್ತಾ ಅನ್ನೋ ಅಳತೆ ಇಟ್ಕೊಂಡರು. ಎರಡು, ಎಷ್ಟು ಬಾಕಿ ಇದೆ ಅನ್ನೋದು ಅವರಿಗೆ ಗೊತ್ತಿತ್ತು. ‘ಏನೋ ಒಂಚೂರು ಬಗ್ ಇರಬಹುದು’ ಅನ್ನೋದಕ್ಕೂ ‘ಇಷ್ಟು ಪದ ಹೊಂದ್ತಿಲ್ಲ, ಪಟ್ಟಿ ಇಲ್ಲಿದೆ’ ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ. ಮೊದಲನೆಯದು ಭಯ. ಎರಡನೆಯದು ಲೆಕ್ಕ.

ಹಾರ್ಫ್‌ಬಝ್ 1.0 ಬಂದದ್ದು 2015ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಅದು ಫೈರ್‌ಫಾಕ್ಸ್ ಬ್ರೌಸರ್ ಒಳಗೆ ಕೆಲಸ ಮಾಡ್ತಿತ್ತು.

ಮಾತಿನ ಪಟ್ಟಿ

ಮತ್ತೆ ನನ್ನ ಪದಬಂಧಕ್ಕೆ ಬರ್ತೀನಿ. ಆ ರಾತ್ರಿಯೇ ಹಳೆಯ ಲೆಕ್ಕವನ್ನ ವಾಪಸ್ ತಂದು 0.8.1 ಹಾಕಿದೆ. ಮೇಡಂಗೆ ಕ್ಷಮೆ ಕೇಳಿ ಬರೆದೆ. ಆಮೇಲೆ ಒಂದು ಖಾಲಿ ನೋಟ್‌ಬುಕ್ ತೆಗೆದು, ಕೋಡ್ ಬರೆಯೋದು ಬಿಟ್ಟು, ಒಂದು ಪ್ರಶ್ನೆ ಬರ್ಕೊಂಡೆ: ‘ನಾನು ಯಾವುದನ್ನ ಬದಲಾಯಿಸಲ್ಲ ಅಂತ ಮಾತು ಕೊಡಬಲ್ಲೆ?’

ಅಲ್ಲಿವರೆಗೂ ನನ್ನ ಪ್ರಶ್ನೆ ಬೇರೆ ಇತ್ತು. ‘ಇದು ಮುಗಿದಿದೆಯಾ?’ ಅಂತ. ಅದಕ್ಕೆ ಉತ್ತರ ಯಾವತ್ತೂ ‘ಇಲ್ಲ’. ಅದಕ್ಕೇ ವರ್ಷಗಟ್ಟಲೆ ಸೊನ್ನೆಯಲ್ಲೇ ಇದ್ದೆ. ಪ್ರಶ್ನೆ ಬದಲಾದ ಕೂಡಲೇ ಕೆಲಸ ಏನು ಅಂತ ಗೊತ್ತಾಯ್ತು.

ಡಾಕ್ಟರ್ ಎರಡೋ ಮೂರೋ? ಎರಡೂ ಸರಿ, ಬೇರೆ ಬೇರೆ ಕೆಲಸಕ್ಕೆ. ಹಾಗಾಗಿ ಎರಡು ಬೇರೆ ಹೆಸರಿನ ಸೌಲಭ್ಯ ಮಾಡಿದೆ. ಬರಹದ ಎಣಿಕೆ ಒಂದು, ಛಂದಸ್ಸಿನ ಎಣಿಕೆ ಇನ್ನೊಂದು. ಬರಹದ ಎಣಿಕೆಯಲ್ಲಿ ಕೊನೆಯ ಅರ್ಧಾಕ್ಷರ ಯಾವತ್ತೂ ಬೇರೆಯೇ. ಇದು ಮೊದಲ ಮಾತು. ಇಷ್ಟು ಸರಳ ಪರಿಹಾರ ಮೊದಲೇ ಹೊಳೀಬೇಕಿತ್ತು ಅನ್ಸುತ್ತೆ ಅಲ್ವಾ? ಒಬ್ಬನೇ ಕೂತಿದ್ದಾಗ ಹೊಳೆದಿರಲಿಲ್ಲ. ನನ್ನ ಲೈಬ್ರರಿಯಿಂದ ಯಾರು ಏನು ಮಾಡ್ತಿದ್ದಾರೆ ಅಂತ ನಾನು ಯಾರನ್ನೂ ಕೇಳಿರಲೇ ಇಲ್ಲ.

ಮೇಡಂ ತಮ್ಮ ಪದಬಂಧದ ಎಲ್ಲ ಪದಗಳನ್ನೂ ಕಳಿಸಿಕೊಟ್ಟರು. ಅವೆಲ್ಲ ನನ್ನ ಟೆಸ್ಟ್ ಆದವು. ಟೆಸ್ಟ್ ಅಂದ್ರೆ, ಕೋಡ್‌ನಲ್ಲಿ ನಾನು ಏನು ಬದಲಾಯಿಸಿದ್ರೂ ಈ ಪದಗಳನ್ನೆಲ್ಲ ಯಂತ್ರವೇ ಮತ್ತೆ ಎಣಿಸಿ, ಉತ್ತರ ಬದಲಾದ್ರೆ ಕೂಗುತ್ತೆ. ಕೆಂಪು ಗುರುತು ಮಗುವಿಗೆ ಬರೋ ಮೊದಲು ನನಗೇ ಬರುತ್ತೆ.

ಆಮೇಲೆ ಬಿಡುಗಡೆಗೆ ಮುಂಚಿನ ಮೆಟ್ಟಿಲುಗಳು. ಆಲ್ಫಾ, ಬೀಟಾ, ರಿಲೀಸ್ ಕ್ಯಾಂಡಿಡೇಟ್ ಅನ್ನೋ ಹೆಸರು ನೀವು ಕೇಳಿರ್ತೀರಿ. ಕೊನೆಯದಕ್ಕೆ ‘ಆರ್‌ಸಿ’ ಅಂತಾರೆ. ಮದುವೆ ಮನೇಲಿ ಪಂಕ್ತಿಗೆ ಬಡಿಸೋ ಮೊದಲು ಭಟ್ಟರು ಅಂಗೈಗೆ ಒಂಚೂರು ಸಾರು ಹಾಕಿ ‘ನೋಡಿ, ಸರಿ ಇದೆಯಾ’ ಅಂತ ಕೇಳ್ತಾರಲ್ಲ, ಅದು ಆರ್‌ಸಿ. ಆ ಹಂತದಲ್ಲಿ ಹೊಸ ಪದಾರ್ಥ ಸೇರಿಸೋ ಹಾಗಿಲ್ಲ. ಉಪ್ಪು ಖಾರ ಸರಿ ಮಾಡಬಹುದು, ಅಷ್ಟೇ. ಡೆಬಿಯನ್ ಲಿನಕ್ಸ್‌ನವರು ಇದನ್ನ ಬಹಳ ಶಿಸ್ತಿನಿಂದ ಮಾಡ್ತಾರೆ. ಬಿಡುಗಡೆಗೆ ಮುಂಚೆ ಫ್ರೀಜ್ ಅಂತ ಘೋಷಿಸ್ತಾರೆ, ಬಿಡುಗಡೆಗೆ ಅಡ್ಡಿಯಾಗುವಂಥ ಗಂಭೀರ ಬಗ್‌ಗಳನ್ನ ಬೇರೆ ಪಟ್ಟಿ ಮಾಡಿ ಕರಗಿಸ್ತಾರೆ. ತಾರೀಖು ಕೇಳಿದ್ರೆ ಅವರದು ಹಳೆಯ ಉತ್ತರ: ರೆಡಿ ಆದಾಗ.

ನಾನು ಆರ್‌ಸಿ ಬಿಟ್ಟು ಬಳಸೋರಿಗೆ ಹೇಳಿ ಒಂದು ತಿಂಗಳು ಕಾದೆ. ಮೂರನೇ ವಾರ ಒಬ್ಬ ಡಿಗ್ರಿ ಹುಡುಗಿ ಬರೆದಳು: “‘ರ‍್ಯಾಂಕ್’ ಪದದ ಎಣಿಕೆ ತಪ್ಪು ಬರ್ತಿದೆ.” ನೋಡಿದ್ರೆ ಹೌದು. ಅಲ್ಲಿ ಅರ್ಕಾವತ್ತು ಬರಬಾರದು ಅಂತ ರ ಪಕ್ಕ ಕಣ್ಣಿಗೆ ಕಾಣದ ಒಂದು ಜೋಡಣೆ ಸಂಕೇತ ಹಾಕ್ತೀವಿ. ಕೆಲವರು ಅದನ್ನ ವಿರಾಮಕ್ಕೆ ಮೊದಲು ಹಾಕ್ತಾರೆ, ಕೆಲವರು ಆಮೇಲೆ. ನೋಡೋಕೆ ಎರಡೂ ಒಂದೇ ಥರ ಕಾಣಬಹುದು, ಒಳಗೆ ಬೇರೆ. ನನ್ನ ಲೈಬ್ರರಿ ಒಂದನ್ನ ಮಾತ್ರ ಗುರುತಿಸ್ತಿತ್ತು. ಸರಿ ಮಾಡಿದೆ. ಆರ್‌ಸಿ ಎರಡು. ಮತ್ತೆ ಮೊದಲಿಂದ ಒಂದು ತಿಂಗಳು. ಬೇಜಾರಾಯ್ತು, ಸುಳ್ಳು ಹೇಳಲ್ಲ.

ನಾನು ಇಲ್ಲದಿದ್ರೆ?

ಇನ್ನೊಂದು ವಿಷಯ ನಾನು ಯೋಚಿಸೇ ಇರಲಿಲ್ಲ. ಮಾತು ಕೊಡೋದು ಸರಿ, ಆದರೆ ನಾಳೆ ನನಗೆ ಹುಷಾರಿಲ್ಲ ಅಂದ್ರೆ? ಪಾಸ್‌ವರ್ಡ್ ನನ್ನೊಬ್ಬನ ಹತ್ತಿರ ಇದ್ರೆ ಆ ಮಾತನ್ನ ಉಳಿಸೋರು ಯಾರು?

2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನೋ ಲೈಬ್ರರಿಯಲ್ಲಿ ಏನಾಯ್ತು ಅಂತ ಕೆಲವರಿಗೆ ನೆನಪಿರಬಹುದು. ಫೈಲ್‌ಗಳನ್ನ ಕುಗ್ಗಿಸೋ ಸಾಧನ ಅದು, ಲಿನಕ್ಸ್ ಇರೋ ಕಡೆಯೆಲ್ಲ ಇರುತ್ತೆ. ಬಹುಕಾಲ ಒಬ್ಬರೇ ನೋಡಿಕೊಳ್ತಿದ್ದರು, ದಣಿದಿದ್ದರು. ಸಹಾಯ ಮಾಡ್ತೀನಿ ಅಂತ ಬಂದ ಒಬ್ಬ ಅನಾಮಿಕ ನಿಧಾನವಾಗಿ ನಂಬಿಕೆ ಗಳಿಸಿ, ಬಿಡುಗಡೆ ಮಾಡೋ ಅಧಿಕಾರವನ್ನೂ ಪಡೆದ. 5.6.0 ಮತ್ತು 5.6.1ರಲ್ಲಿ ಕಳ್ಳದಾರಿ ಇಟ್ಟ. ಅದನ್ನ ಜಾಗೃತಗೊಳಿಸೋ ಒಂದು ತುಂಡು ಎಲ್ಲರಿಗೂ ಕಾಣೋ ಮೂಲ ಕೋಡ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆ ಮಾಡಿದ ಕಟ್ಟಿನಲ್ಲಿ ಮಾತ್ರ ಇತ್ತು. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್, ಲಾಗಿನ್ ಆಗೋಕೆ ಯಾಕೆ ಅರ್ಧ ಸೆಕೆಂಡ್ ಹೆಚ್ಚು ಹಿಡೀತಿದೆ ಅಂತ ತಲೆ ಕೆಡಿಸಿಕೊಂಡದ್ದಕ್ಕೆ ಅದು ಸಿಕ್ಕಿಬಿತ್ತು.

ನನ್ನದು ಅಕ್ಷರ ಎಣಿಸೋ ಲೈಬ್ರರಿ, ಅದಕ್ಕೆ ಯಾರು ಕನ್ನ ಹಾಕ್ತಾರೆ ಅಂತ ನಗಬಹುದು. ಆದರೆ ಪಾಠ ಎಲ್ಲರಿಗೂ ಒಂದೇ. ನಾನು ಎರಡು ಕೆಲಸ ಮಾಡಿದೆ. ವರ್ಷಗಳಿಂದ ಮುಖ ಪರಿಚಯ ಇರೋ ಗೆಳತಿಯೊಬ್ಬಳಿಗೆ ಬಿಡುಗಡೆಯ ಅಧಿಕಾರ ಕೊಟ್ಟೆ. ಬಿಡುಗಡೆಯ ಕಟ್ಟನ್ನ ನನ್ನ ಲ್ಯಾಪ್‌ಟಾಪ್‌ನಲ್ಲಿ ಕೈಯಾರೆ ಕಟ್ಟೋದು ಬಿಟ್ಟು, ಎಲ್ಲರಿಗೂ ಕಾಣೋ ಕೋಡ್‌ನಿಂದ ಎಲ್ಲರ ಎದುರೇ ತಾನಾಗಿ ತಯಾರಾಗೋ ಹಾಗೆ ಮಾಡಿದೆ.

ಮಾತು ಮುರಿಯಲೇಬೇಕಾದ್ರೆ

‘ಹಾಗಾದ್ರೆ 1.0 ಆದ ಮೇಲೆ ತಪ್ಪು ಗೊತ್ತಾದ್ರೂ ಹಾಗೇ ಇಟ್ಕೋಬೇಕಾ?’ ಅಂತ ನೀವು ಕೇಳಬಹುದು. ಇಲ್ಲ. ಮುರಿಯಬಹುದು, ಆದರೆ ಹೇಳಿ ಮುರಿಯಬೇಕು, ಸಮಯ ಕೊಟ್ಟು ಮುರಿಯಬೇಕು.

ಪೈಥಾನ್ ಕಲೀತಿರೋರಿಗೆ ಇದು ಗೊತ್ತು. ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಹಳೆಯ ಪ್ರೋಗ್ರಾಮ್‌ಗಳು ಅದರಲ್ಲಿ ಹಾಗೇ ಓಡ್ತಿರಲಿಲ್ಲ. ಬೇಕಂತಲೇ ಮುರಿದಿದ್ದರು. ಮುಖ್ಯ ಕಾರಣಗಳಲ್ಲಿ ಒಂದು ಆಗಲೇ ಹೇಳಿದ 18 ಮತ್ತು 6ರ ವಿಷಯ. ಪಠ್ಯ ಅಂದ್ರೆ ಬೈಟ್ ಅಲ್ಲ, ಯೂನಿಕೋಡ್ ಅಂತ ಮಾಡಿದರು. ಕನ್ನಡದಂಥ ಭಾಷೆಗಳಿಗೆ ಅದರಿಂದ ಒಳ್ಳೆಯದೇ ಆಯ್ತು. ಆದರೆ ಬೆಲೆ ನೋಡಿ: ಹಳೆಯ ಪೈಥಾನ್ 2ನ್ನ ಅವರು 2020ರ ಜನವರಿ 1ರವರೆಗೂ ಸಾಕಬೇಕಾಯ್ತು. ಹನ್ನೊಂದು ವರ್ಷ. ಮಾತು ಮುರಿಯೋಕೆ ಇಷ್ಟು ಖರ್ಚಾಗುತ್ತೆ ಅಂತ ಗೊತ್ತಿದ್ರೆ, ಮಾತು ಕೊಡೋವಾಗಲೇ ಕಡಿಮೆ ಕೊಡ್ತೀವಿ. ನಾನೂ ಹಾಗೇ ಮಾಡಿದೆ. ಪ್ರಾಸ ಹುಡುಕೋ ಒಂದು ಸೌಲಭ್ಯ ಅರೆಬರೆ ಇತ್ತು. ಅದನ್ನ 1.0ರಿಂದ ತೆಗೆದು ‘ಪ್ರಯೋಗ’ ಅಂತ ಹೆಸರಿಟ್ಟು ಬೇರೆ ಕಡೆ ಇಟ್ಟೆ.

ಬಿಡುಗಡೆಯ ದಿನ

ಕೊನೆಗೆ ಒಂದು ಬುಧವಾರ ಸಂಜೆ 1.0 ಹಾಕಿದೆ. ವಾರದ ನಡುವೆ ಯಾಕೆ ಅಂದ್ರೆ, ಏನಾದ್ರೂ ಕೆಟ್ಟರೆ ಗುರುವಾರ ಶುಕ್ರವಾರ ಸರಿ ಮಾಡೋಕೆ ನಾನಿರ್ತೀನಿ. ಭಾನುವಾರ ರಾತ್ರಿ ಹಾಕಿ ಮಲಗೋ ಅಭ್ಯಾಸ ಬಿಟ್ಟೆ. ಆ ದಿನವೂ ಲೈಬ್ರರಿಯಲ್ಲಿ ಏಳು ಬಗ್ ಇದ್ದವು. ಏಳನ್ನೂ ಬಿಡುಗಡೆಯ ಟಿಪ್ಪಣಿಯಲ್ಲಿ ಕನ್ನಡದಲ್ಲೇ ಬರೆದೆ: ಇವು ಗೊತ್ತಿವೆ, ಇವುಗಳಿಂದ ತಪ್ಪು ಉತ್ತರ ಬರಬಹುದಾದ ಪದಗಳು ಇಂಥವು. ಮುಖಪುಟದಲ್ಲಿ ‘ಎಲ್ಲರೂ ಬಳಸಿ’ ಅನ್ನೋದರ ಕೆಳಗೆ, ಯಾವುದು ಬದಲಾಗಲ್ಲ, ಯಾವುದು ಬದಲಾಗಬಹುದು, ಬದಲಾದ್ರೆ ಎಷ್ಟು ದಿನ ಮೊದಲು ಹೇಳ್ತೀವಿ ಅಂತ ಬರೆದೆ. ಮೇಡಂ ಕೇಳಿದ್ದು ಅದನ್ನೇ ತಾನೆ: ನನಗೆ ಹೇಗೆ ಗೊತ್ತಾಗಬೇಕಿತ್ತು ಅಂತ.

ಶುಕ್ರವಾರವೇ ಎಂಟನೇ ಬಗ್ ಬಂತು. 1.0.1 ಹಾಕಿದೆ. ಯಾರ ಆಟವೂ ನಿಲ್ಲಲಿಲ್ಲ.

ನಿಮ್ಮಲ್ಲಿ ಕೆಲವರು ಕಾಲೇಜಿನಲ್ಲಿ ಏನೋ ಒಂದು ಬರೆದು ಗಿಟ್‌ಹಬ್‌ನಲ್ಲಿ ಇಟ್ಟಿರ್ತೀರಿ. ‘ಇನ್ನೂ ಚೆನ್ನಾಗಿ ಆಗಲಿ, ಆಮೇಲೆ’ ಅಂತ 0.3ರಲ್ಲೋ 0.9ರಲ್ಲೋ ನಿಲ್ಲಿಸಿರ್ತೀರಿ. ಯಾರಾದ್ರೂ ಅದನ್ನ ಬಳಸ್ತಿದ್ದಾರಾ ಅಂತ ಮೊದಲು ನೋಡಿ. ಯಾರೂ ಇಲ್ಲ ಅಂದ್ರೆ ಆರಾಮಾಗಿ ಬದಲಾಯಿಸ್ತಾ ಇರಿ, ಸೊನ್ನೆ ಇರೋದೇ ಅದಕ್ಕೆ. ಯಾರೋ ಒಬ್ಬರು ಬಳಸ್ತಿದ್ದಾರೆ ಅಂತ ಗೊತ್ತಾದ್ರೆ ಅವರನ್ನ ಕೇಳಿ: ಇದರಿಂದ ಏನು ಮಾಡ್ತಿದ್ದೀರಿ, ಯಾವುದು ಬದಲಾದ್ರೆ ನಿಮ್ಮ ಕೆಲಸ ಕೆಡುತ್ತೆ? ಆ ಉತ್ತರವನ್ನ ಬರ್ಕೊಳ್ಳಿ. ಅದರಲ್ಲಿ ಎಷ್ಟನ್ನ ಉಳಿಸಿಕೊಳ್ಳಬಲ್ಲಿರೋ ಅಷ್ಟಕ್ಕೆ ಮಾತು ಕೊಡಿ. ಆ ಪಟ್ಟಿ ಕೈಯಲ್ಲಿದ್ದ ದಿನ ನೀವು ರೆಡಿ. ಬಗ್ ಇದ್ರೂ ರೆಡಿ.

ಇನ್ನು ನೀವು ಕೋಡ್ ಬರೆಯೋರಲ್ಲ, ಬಳಸೋರು ಮಾತ್ರ ಅಂದ್ರೆ ನಿಮಗೂ ಒಂದು ಕೆಲಸ ಇದೆ. ಫೋನಲ್ಲಿ ಎಲ್ಲಾದ್ರೂ ಕನ್ನಡ ಪದ ಒಡೆದು ಕಂಡರೆ ‘ಕನ್ನಡ ಅಂದ್ರೆ ಇಷ್ಟೇ ಬಿಡು’ ಅಂತ ಮುಂದೆ ಹೋಗಬೇಡಿ. ಒಂದು ಸ್ಕ್ರೀನ್‌ಶಾಟ್ ತೆಗೆದು, ಆ ಪದ ಬರೆದು, ಆ ಆ್ಯಪ್ ಮಾಡಿದವರಿಗೆ ಕಳಿಸಿ. ‘ರ‍್ಯಾಂಕ್’ ಅಂತ ಬರೆದ ಆ ಹುಡುಗಿಯಿಂದಲೇ ನನ್ನ 1.0 ಸರಿಯಾದದ್ದು.

ಆ ‘ಡಾಕ್ಟರ್’ ಹುಡುಗನ ವಿಷಯ ಹೇಳೋದು ಮರೆತೆ. ಮೇಡಂ ಅವನಿಗೆ, “ನೀನು ಬರೆದದ್ದೇ ಸರಿ, ಕಂಪ್ಯೂಟರ್‌ಗೆ ಪಾಠ ಹೇಳಿದವರು ತಪ್ಪು ಮಾಡಿದ್ದರು” ಅಂತ ಹೇಳಿದರಂತೆ. ನನ್ನ ಟೆಸ್ಟ್‌ಗಳ ಪಟ್ಟಿಯಲ್ಲಿ ಮೊದಲ ಪದ ಇವತ್ತಿಗೂ ಅದೇ. ಡಾಕ್ಟರ್, ಮೂರು.